ನುಂಗದೆ ಸವಿದ ಕೆಂಪು ವೈನ್

ಅಕ್ಕಾ,

ತಮ್ಮನ ನಮಸ್ಕಾರ. ಅಪ್ಪನ ಕುಡಿತ ನೋಡಿ ಬೆಳೆದವರು ನಾವು, ಹನಿಯನ್ನೂ ನುಂಗುವುದಿಲ್ಲ ಎಂದು ನಿನಗೆ ಮಾತು ಕೊಟ್ಟು ಬಂದೆ. ಹೋಟೆಲಿನವರೋ ಮೊದಲ ವಾರವೇ ವೈನ್ ತರಗತಿಗೆ ಕೂರಿಸಿದರು. ಬಡಿಸುವವನಿಗೆ ರುಚಿ ಗೊತ್ತಿರಲೇಬೇಕಂತೆ. ಕೆಲಸಕ್ಕೆ ಕುತ್ತು ಬಂತು ಎಂದುಕೊಂಡೆ. ನೋಡಿದರೆ, ಕೋಟು ತೊಟ್ಟ ದೊಡ್ಡ ಮನುಷ್ಯರೆಲ್ಲ ಅಷ್ಟು ದುಬಾರಿ ವೈನನ್ನು ಮುಕ್ಕಳಿಸಿ ಬಕೆಟ್ಟಿಗೆ ಉಗುಳುತ್ತಿದ್ದಾರೆ! ರುಚಿ ನೋಡಿ ಉಗುಳುವುದೇ ಇಲ್ಲಿನ ಪದ್ಧತಿಯಂತೆ. ಹೋದ ಜೀವ ಮರಳಿ ಬಂತು.

ಕಲಿಸುವ ಮೇಡಂ ಫ್ರಾನ್ಸಿನ ಮೂರು ತಳಿಯ ದ್ರಾಕ್ಷಿಗಳ ವೈನನ್ನು ಮೊದಲು ಬೇರೆಬೇರೆ ಕೊಟ್ಟರು. ಗ್ರೆನಾಶ್ ಮಾಗಿದ ಹಣ್ಣಿನಂತೆ ಮೃದು. ಸಿರಾದಲ್ಲಿ ಕಾಳುಮೆಣಸಿನ ಘಾಟು. ಮೂರ್ವೆದ್ರ ಮಾತ್ರ ನೇರಳೆಹಣ್ಣು ತಿಂದ ಹಾಗೆ ನಾಲಿಗೆ ಹಿಡಿದುಬಿಟ್ಟಿತು.

"ಮೇಡಂ, ಇದು ಬರೀ ಒಗರು," ಅಂದೆ.

"ಆ ಒಗರು ಇಲ್ದಿದ್ರೆ ಉಳಿದೆರಡಕ್ಕೂ ಬೆನ್ನುಮೂಳೆನೇ ಇರಲ್ಲಪ್ಪ. ಈಗ ಇದನ್ನ ನೋಡು," ಎಂದು ಮೂರೂ ಬೆರೆತದ್ದನ್ನು ಸುರಿದರು.

ಅಬ್ಬಾ, ಬಾಯಿ ತುಂಬಿತು! ಮೆತ್ತಗೆ ಶುರುವಾಗಿ, ಘಾಟು ಮೂಗಿಗೇರಿ, ಕೊನೆಗೆ ಒಗರು ಎಲ್ಲವನ್ನೂ ಹಿಡಿದು ನಿಲ್ಲಿಸಿತು. "ಒಂದು ಗುಟುಕು ಇಳಿಸೋ, ಯಾರು ನೋಡ್ತಾರೆ?" ಎಂದು ಪಕ್ಕದಲ್ಲಿದ್ದ ಅಡುಗೆಯವನು ಪಿಸುಗುಟ್ಟಿದ. ಉಗುಳಲು ಮನಸ್ಸೇ ಬರಲಿಲ್ಲ, ಆದರೂ ಉಗುಳಿದೆ. ಘಮ ಬಸ್ ನಿಲ್ದಾಣದವರೆಗೂ ಜೊತೆಗೆ ಬಂತು.

ಕೆಮ್ಮು ವಾಸಿಯಾಗಿದೆ, ಹೊಸ ಬೂಟು ಮಾತ್ರ ಕಚ್ಚುತ್ತಿದೆ. ಸೋಮವಾರದಿಂದ ವೈನ್ ಬಡಿಸುವ ಕೆಲಸ ನನ್ನದೇ. ಇದು ತೆರೆದ ಅಂಚೆ ಕಾರ್ಡು, ಭಾವ ಓದಿ ನಕ್ಕರೆ ನಗಲಿ. ಜಾಗ ಮುಗಿಯುತ್ತಿದೆ. ತುಂಬಾ ಚೆನ್ನಾಗಿತ್ತು ಅಕ್ಕಾ, ನಿನ್ನ ಹತ್ತಿರ ಸುಳ್ಳು ಹೇಳಲಾರೆ.

ನಿನ್ನ ತಮ್ಮ