ಹೋರಿಯ ಪಾಲಿನ ಹಾಲು

ಹಾನಗಲ್ಲ,
12 ಅಕ್ಟೋಬರ್ 2025, ರವಿವಾರ ಬೆಳಿಗ್ಗೆ

ತನುಜಾಳ ಅಪ್ಪನವರಿಗೆ, ಸರೋಜಾ ಮಾಡುವ ನಮಸ್ಕಾರ.

ಹೇಗಿದ್ದೀರಿ? ಅಬಲೂರಿನ ನೀರು ಮೈಗೆ ಒಗ್ಗಿತೇ? ಕೆಮ್ಮು ಕಡಿಮೆಯಾಯಿತೇ? ನಿಮ್ಮಕ್ಕ ಮಜ್ಜಿಗೆ ಕೊಟ್ಟರೆ ಬೇಡವೆನ್ನಲು ನಿಮಗೆ ಬಾಯಿ ಬರುವುದಿಲ್ಲ, ಅದಕ್ಕೇ ಕೇಳುತ್ತಿದ್ದೇನೆ. ಅಕ್ಕನ ಕಾಲಿನ ಪ್ಲಾಸ್ಟರ್ ಬಿಚ್ಚಿದರೇ? ಅವರ ಹೊಲದ ಗೋವಿನಜೋಳ ಮುರಿಯುವುದು ಮುಗಿಯುತ್ತ ಬಂದಿದೆ, ದೀಪಾವಳಿಗೆ ನೀವು ಬಂದೇ ಬರುತ್ತೀರಿ ಎಂದು ನಿಮ್ಮ ಮಗ ಸುದೀಪ ಹೇಳಿದ. ಇಲ್ಲಿ ಅತ್ತೆ ಆರಾಮ, ಸುದೀಪ ಆರಾಮ. ನಿಮ್ಮ ಹೋರಿ ಮುಗಿಲಮಿಂಚು ನಮ್ಮೆಲ್ಲರಿಗಿಂತ ಆರಾಮ. ನಿನ್ನೆ ಗೂಟ ಕಿತ್ತುಕೊಂಡು ಹೋಗಿ ಹಿತ್ತಲಿನ ಹೀರೇಬಳ್ಳಿ ಮೇದು ಬಂದಿದ್ದಾನೆ. ಇದನ್ನು ಮೊದಲೇ ಬರೆದುಬಿಟ್ಟೆ. ಇಲ್ಲದಿದ್ದರೆ ನೀವು ಹೋರಿಯ ಸುದ್ದಿ ಎಲ್ಲಿದೆ ಎಂದು ಹುಡುಕುತ್ತ ಉಳಿದದ್ದನ್ನು ಓದದೇ ಮಡಚಿಡುತ್ತೀರಿ.

ಫೋನ್ ಇರುವಾಗ ಪತ್ರವೇಕೆ ಎಂದು ನಗಬೇಡಿ. ನೀವು ಫೋನ್ ಮಾಡಿದರೆ ಮೊದಲ ಮಾತು "ಹೋರಿ ಹೆಂಗೈತಿ?" ಎರಡನೆಯದು "ಹುರಳಿ ನೆನಸಿದಿಲ್ಲೊ?" ಮೂರನೆಯದು "ಆತು, ಇಡ್ತೇನಿ." ನಡುವೆ ನಾನು ಏನಾದರೂ ತುರುಕಿದರೆ "ಹೂಂ" ಅನ್ನುತ್ತೀರಿ. ಆ ಹೂಂ ಒಪ್ಪಿಗೆಯೋ ಆಕಳಿಕೆಯೋ ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ. ಉಸ್ಮಾನಸಾಬರು ಇವತ್ತು ಹಿರೇಕೆರೂರಿಗೆ ಮೆಣಸಿನಕಾಯಿ ಚೀಲ ಒಯ್ಯುತ್ತಾರೆ, ಅಬಲೂರಿಗೂ ಬಂದು ಹೋಗುತ್ತೇನೆ ಎಂದಿದ್ದಾರೆ. ಅವರ ಗಾಡಿ ಯಾವಾಗ ಬಂದು ಹಾರ್ನ್ ಹೊಡೆಯುತ್ತದೋ ಗೊತ್ತಿಲ್ಲ. ಕೈ ಓಡುತ್ತಿದೆ, ಮನಸ್ಸು ಅದಕ್ಕೂ ಮುಂದೆ ಓಡುತ್ತಿದೆ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಬಾಗಿಲಿಗೆ ಹೋಗಿ ಬಂದೆ.

ವಿಷಯ ತನುಜಾಳದು. ಗಾಬರಿಯಾಗಬೇಡಿ, ಈಗ ಚೆನ್ನಾಗಿದ್ದಾಳೆ. ದಸರೆಗೆ ಬನ್ನಿ ಮುಡಿದ ಮರುದಿನ ಜಿಮ್‌ನಲ್ಲಿ ಬಿದ್ದಳು. ಹೆಗಲ ಮೇಲೆ ಭಾರ ಹೊತ್ತು ಕುಕ್ಕರಗಾಲಲ್ಲಿ ಕುಳಿತು ಏಳುವುದು ಇದೆಯಲ್ಲ, ಅದರಲ್ಲಿ ಕುಳಿತವಳಿಗೆ ಏಳಲಾಗಲಿಲ್ಲವಂತೆ. ಕಣ್ಣಿಗೆ ಕತ್ತಲು ಬಂತಂತೆ. ಪಕ್ಕದಲ್ಲಿ ನಿಂತ ಇಬ್ಬರು ಹುಡುಗಿಯರು ಆ ಕಬ್ಬಿಣದ ಸರಳು ಹಿಡಿಯದೇ ಇದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಬರೆಯಲು ನನ್ನ ಕೈ ಬರುವುದಿಲ್ಲ. ಅವಳಿಗೆ ಭಾರ ಎತ್ತಲು ಕಲಿಸುವ ಶೈಲಾ ಮೇಡಂ, ಶಿಗ್ಗಾಂವಿಯವರು, ನನ್ನನ್ನು ಕರೆಸಿದರು. ನಾನು ಸೆರಗು ಸರಿಮಾಡಿಕೊಳ್ಳುತ್ತ ಓಡಿದೆ. ಅಲ್ಲಿ ಆ ಕನ್ನಡಿಗಳ ನಡುವೆ ಒಂದು ಸ್ಟೂಲಿನ ಮೇಲೆ ಕೂರಿಸಿ ಕೇಳಿದರು: "ಅವ್ವಾರ, ಈಕಿ ದಿನಾ ಏನ್ ಉಣ್ತಾಳ್ರಿ?" ಎಲ್ಲಾ ಉಣ್ಣುತ್ತಾಳೆ ಎಂದೆ. "ಎಲ್ಲಾ ಅಂದ್ರ ಎಷ್ಟ್ರಿ?" ಎಂದರು.

ನಿಮ್ಮ ಹೋರಿ ಏನು ತಿನ್ನುತ್ತಾನೆಂದು ಕೇಳಿದ್ದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ. ಬೆಳಿಗ್ಗೆ ನೆನೆಸಿದ ಹುರಳಿ, ಮಧ್ಯಾಹ್ನ ಬೇಯಿಸಿದ ಹತ್ತಿಕಾಳು, ಶೇಂಗಾ ಹಿಂಡಿ, ಸಂಜೆ ಎಮ್ಮೆಯ ಹಾಲು ಒಂದು ತಂಬಿಗೆ ತುಂಬ, ಅದರಲ್ಲಿ ಒಡೆದು ಹಾಕುವ ತತ್ತಿ. ಹೋರಿ ಬೆದರಿಸುವ ಹಬ್ಬ ಹತ್ತಿರ ಬಂದಂತೆ ವಾರಕ್ಕೆ ಒಂದೊಂದು ಹಿಡಿ ಹೆಚ್ಚು. ಪಕ್ಕೆಲುಬು ಎಷ್ಟು ಕಾಣಬೇಕು, ಎಷ್ಟು ಕಾಣಬಾರದು, ಎಲ್ಲವನ್ನೂ ನೀವು ಕಲಿಸಿದ್ದೀರಿ. ಹೆತ್ತ ಮಗಳು ಎಷ್ಟು ಉಣ್ಣುತ್ತಾಳೆಂದು ಮಾತ್ರ ನನಗೆ ಗೊತ್ತಿಲ್ಲ. ಅವಳು ನನ್ನ ಜೊತೆ ಎಲ್ಲರದೂ ಆದ ಮೇಲೆ ಉಣ್ಣಲು ಕೂರುತ್ತಾಳೆ. ಬುಟ್ಟಿಯಲ್ಲಿ ಉಳಿದಷ್ಟು ರೊಟ್ಟಿ, ಪಾತ್ರೆಯ ತಳದಲ್ಲಿ ಉಳಿದಷ್ಟು ಪಲ್ಯ. ಅದನ್ನು ಯಾರೂ ಅಳೆದಿಲ್ಲ, ನಾನೂ ಅಳೆದಿಲ್ಲ. ಆ ಸ್ಟೂಲಿನ ಮೇಲೆ ನನಗೆ ನಾಚಿಕೆಯಾಯಿತು. ಈಗ ಬರೆಯುವಾಗಲೂ ಆಗುತ್ತಿದೆ.

ಶೈಲಾ ಮೇಡಂ ಬೈಯಲಿಲ್ಲ. ನಿಧಾನವಾಗಿ ತಿಳಿಸಿದರು. ಭಾರ ಎತ್ತುವವರಿಗೆ ಮೈತೂಕದ ಕಿಲೋ ಒಂದಕ್ಕೆ ಒಂದೂವರೆ ಗ್ರಾಂಗಿಂತ ತುಸು ಮೇಲೆ ಪ್ರೋಟೀನ್ ಬೇಕಂತೆ. ತನುಜಾ ಐವತ್ತೇಳು ಕಿಲೋ. ಹಾಗಾಗಿ ದಿನಕ್ಕೆ ಸುಮಾರು ತೊಂಬತ್ತು ಗ್ರಾಂ. ತೊಂಬತ್ತು ಗ್ರಾಂ ಬೇಳೆ ಎಂದುಕೊಳ್ಳಬೇಡಿ, ಬೇಳೆಯ ಒಳಗಿರುವ ಸತ್ವ. ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ ಏಳೆಂಟು, ಒಂದು ಜೋಳದ ರೊಟ್ಟಿಯಲ್ಲಿ ಮೂರು ನಾಲ್ಕು, ಹಿಡಿ ಶೇಂಗಾದಲ್ಲಿ ಏಳು, ನಮ್ಮ ಎಮ್ಮೆಯ ಹಾಲು ದೊಡ್ಡ ಲೋಟಕ್ಕೆ ಒಂಬತ್ತರಷ್ಟು. ಇವಳು ತಿನ್ನುವುದನ್ನೆಲ್ಲ ಇವಳಿಂದಲೇ ಹೇಳಿಸಿ ಕೂಡಿದರೆ ನಲವತ್ತೂ ಆಗಲಿಲ್ಲ. ನಾನು ರೊಟ್ಟಿಗೆ ತುಪ್ಪ ಸುರಿದು ಕೊಡುತ್ತೇನಲ್ಲ ಎಂದೆ ಜಂಬದಿಂದ. ತುಪ್ಪದಲ್ಲಿ ಪ್ರೋಟೀನ್ ಇಲ್ಲವೇ ಇಲ್ಲವಂತೆ! ಇಷ್ಟು ವರ್ಷ ನಾವು ಕಸುವು ಎಂದು ತಿಂದದ್ದೇನು ಹಾಗಾದರೆ? ಹಾಗೆಂದು ಅಳತೆ ಮೀರಿ ತಿಂದರೆ ಬಲ ಹೆಚ್ಚುವುದಿಲ್ಲ, ದಿನಕ್ಕೆ ಮೂರು ನಾಲ್ಕು ಸಲ ಹಂಚಿ ತಿನ್ನಬೇಕು ಎಂದರು. ನವೆಂಬರಿನಲ್ಲಿ ಸವಣೂರಿನಲ್ಲಿ ಜಿಲ್ಲೆಯ ಸ್ಪರ್ಧೆ ಇದೆ. ಹೆಸರು ನಾಳೆ ಸೋಮವಾರದೊಳಗೆ ಕಳಿಸಬೇಕು. "ಉಣಿಸ್ತೀರಿ ಅನ್ನೂದು ಖಾತ್ರಿ ಆದ್ರ ಮಾತ್ರ ಹೆಸರು ಬರೀತೇನ್ರಿ, ಇಲ್ಲಾಂದ್ರ ಈ ಹುಡುಗಿ ಮ್ಯಾಲೆ ನಾ ಭಾರ ಇಡೂದಿಲ್ಲ" ಎಂದು ನೇರವಾಗಿ ಹೇಳಿದರು. ತನುಜಾ ಗೋಡೆ ಕಡೆ ತಿರುಗಿ ನಿಂತಿದ್ದಳು. ಅವಳು ಅಳುವಾಗ ಹೆಗಲು ಹೇಗೆ ಅಲುಗುತ್ತದೆಂದು ನಿಮಗೆ ಗೊತ್ತಲ್ಲ.

ಮನೆಗೆ ಬಂದು ನಾನು ಮಾಡಿದ ಕೆಲಸ ಕೇಳಿದರೆ ನೀವು ಅಕ್ಕನಿಗೂ ಹೇಳಿ ನಗುತ್ತೀರಿ, ಹೇಳಬೇಡಿ. ನನಗೆ ಗೊತ್ತಿರುವುದು ಹೋರಿ ಸಾಕುವುದೊಂದೇ. ಹೋರಿಯ ಹುರಳಿಯಲ್ಲೇ ಒಂದು ಪಾಲು ತೆಗೆದು, ನೆನೆಸಿ, ಬೇಯಿಸದೇ, ಬೆಲ್ಲ ಕೊಬ್ಬರಿ ಹಾಕಿ ಬೆಳಿಗ್ಗೆ ಒಮ್ಮೆಲೇ ತಟ್ಟೆ ತುಂಬ ಕೊಟ್ಟೆ. ಪಾಪ, ಅವ್ವ ಕೊಟ್ಟಳೆಂದು ಮರುಮಾತಿಲ್ಲದೆ ತಿಂದಳು. ಕಾಲೇಜಿನಲ್ಲಿ ಹೊಟ್ಟೆ ಉಬ್ಬಿ ಬೆಂಚಿನ ಮೇಲೆ ಒರಗಿ ಕೂತಳಂತೆ. ಎರಡು ದಿನ ಜಿಮ್ಮೂ ಇಲ್ಲ, ಊಟವೂ ಇಲ್ಲ. "ಯವ್ವಾ, ನಾ ಏನ್ ಹೋರಿ ಏನ? ನನಗ ಒಂದ ಹೊಟ್ಟಿ ಐತಿ" ಎಂದಳು. ಅತ್ತೆಗೆ ನಗು ತಡೆಯಲಿಲ್ಲ. ಆಮೇಲೆ ಅವರೇ ಮೆಲ್ಲಗೆ ನನ್ನನ್ನು ಕರೆದು "ತೊಂಬತ್ತ ಗ್ರಾಮ್ ಅಂದ್ರ ಎಷ್ಟ್ ಚಟಾಕ ಆತು?" ಎಂದು ಕೇಳಿದರು.

ಅವಳ ಹೊಟ್ಟೆ ಸರಿಹೋದ ಸಂಜೆ ಊಟಕ್ಕೆ ಬಡಿಸುತ್ತ ನನ್ನ ಕೈಯನ್ನೇ ನಾನು ನೋಡಿದೆ. ಸುದೀಪನ ತಾಟಿಗೆ ಗಟ್ಟಿ ಬೇಳೆ, ಮೇಲಿನ ಕೆನೆಮೊಸರು, ಕೇಳುವ ಮೊದಲೇ ಇನ್ನೊಂದು ಸೌಟು. ಅವನೂ ಜಿಮ್ಮಿಗೆ ಹೋಗುತ್ತಾನೆ, ಕನ್ನಡಿ ನೋಡಿಕೊಂಡು ಬರುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ನನ್ನ ಕೈಯ ಮೇಲೆ ಸಿಟ್ಟು. ಯಾರೂ ಹೇಳಿಕೊಡದೇ ಆ ಸೌಟು ಅತ್ತಲೇ ಹೋಗುತ್ತದೆ. ಕೊನೆಗೆ ತನುಜಾಳ ಪಾಲಿಗೆ ಬಂದದ್ದು ಬೇಳೆಯ ಮೇಲಿನ ತಿಳಿ. ನನಗೆ ತಡೆಯಲಾಗಲಿಲ್ಲ. ಕೊಟ್ಟಿಗೆಗೆ ಹೋಗಿ ಹೋರಿಯ ಬುಟ್ಟಿಯಿಂದ ಎರಡು ತತ್ತಿ ತಂದು ಅವಳ ಮುಂದೆ ಇಟ್ಟುಬಿಟ್ಟೆ. ಹೌದು, ಲಿಂಗಪೂಜೆ ಮಾಡುವ ಮನೆಯ ಒಳಗೆ. ಕೊಟ್ಟಿಗೆಯ ಹೊಸ್ತಿಲು ದಾಟದ ತತ್ತಿ ಅಡುಗೆಮನೆಗೆ ಬಂತು. ಅತ್ತೆ ಕಣ್ಣು ಮುಚ್ಚಿಕೊಂಡರು. ತನುಜಾ ನನ್ನ ಮುಖ ನೋಡಿ, ಅವನ್ನು ಎತ್ತಿ ನನ್ನ ಕೈಗೇ ಕೊಟ್ಟಳು. "ತತ್ತಿ ಬ್ಯಾಡವ್ವಾ, ನನಗ ವಾಸನಿ ಆಗೂದಿಲ್ಲ. ಅವಂಗ ಹಾಕೂ ಹಾಲು ನನಗ ಕೊಡು, ಸಾಕು." ಇಷ್ಟೇ ಕೇಳಿದ್ದು. ಹತ್ತೊಂಬತ್ತು ವರ್ಷದ ಮಗಳು ತನ್ನ ಮನೆಯಲ್ಲಿ ಹಾಲು ಬೇಡಬೇಕಾಯಿತು.

ಈಗ ನನ್ನ ಸಂಕಟ ಕೇಳಿ. ಎಮ್ಮೆ ಒಂದೇ. ಬೆಳಗಿನ ಹಾಲು ಡೈರಿಗೆ ಮತ್ತು ಚಹಾಕ್ಕೆ, ಸಂಜೆಯದು ನಿಮ್ಮ ಮುಗಿಲಮಿಂಚಿಗೆ. ಹೋದ ದೀಪಾವಳಿಯಲ್ಲಿ ಅವನ ಕೊರಳಿನ ಕೊಬ್ಬರಿ ಸರ ಯಾರಿಗೂ ಹರಿಯಲಾಗದೇ ಅವನು ಜನರ ನಡುವೆ ಓಡಿ ದಾಟಿದಾಗ ನಿಮ್ಮ ಮುಖ ಹೇಗಿತ್ತೆಂದು ನಾನು ಮರೆತಿಲ್ಲ. ಅಷ್ಟು ಜನ ನಿಮ್ಮನ್ನು ಹೊತ್ತು ಕುಣಿದರು. ಹೊರಡುವಾಗ ನೀವು ಬಾಗಿಲಲ್ಲಿ ನಿಂತು ಹೇಳಿದ ಒಂದೇ ಮಾತು, "ಹೋರಿಗೆ ಏನೂ ಕಡಿಮಿ ಮಾಡಬ್ಯಾಡ ನೋಡು." ನಾನು ತಲೆಯಾಡಿಸಿದ್ದೆ. ಹಬ್ಬಕ್ಕೆ ಇನ್ನು ವಾರವೊಂದು ಉಳಿದಿರುವಾಗ ಅವನ ಹಾಲು ನಿಲ್ಲಿಸಿ, ಅವನು ದಾರಿಯಲ್ಲಿ ದಣಿದು ನಿಂತರೆ? ಜನ ನಿಮ್ಮನ್ನು ಆಡಿಕೊಂಡರೆ? "ಚನ್ನು ಏನಂದಾನು?" ಎಂದು ಅತ್ತೆ ನಿಮ್ಮ ಹೆಸರು ಹಿಡಿದು ದಿನಕ್ಕೆ ನಾಲ್ಕು ಸಲ ಅನ್ನುತ್ತಾರೆ. ಹಾಲು ಹಿಂಡುವಾಗ ನಾನೂ ಅದನ್ನೇ ಅಂದುಕೊಳ್ಳುತ್ತೇನೆ. ಕಾಳು ಕಡಿ ಹೇಗೋ ಹೊಂದಿಸುತ್ತೇನೆ. ಹುರಳಿ ಬೇಯಿಸಿ ಕಟ್ಟಿನ ಸಾರು, ಹೆಸರು ಮೊಳಕೆ, ಸೋಯಾ, ಶೇಂಗಾ ಉಂಡಿ ಎಲ್ಲ ಶುರು ಮಾಡಿದ್ದೇನೆ. ಆದರೂ ಸಂಜೆಯ ಹಾಲಿಲ್ಲದೆ ತೊಂಬತ್ತು ಮುಟ್ಟುವುದಿಲ್ಲ. ಅದಕ್ಕೆ ನಿಮ್ಮ ಒಂದು ಮಾತು ಬೇಕು. ಉಸ್ಮಾನಸಾಬರ ಕೈಯಲ್ಲೇ ಹೇಳಿ ಕಳಿಸಿ. ಹೂಂ ಅನ್ನಬೇಡಿ, ಹೌದೋ ಅಲ್ಲವೋ ಬಾಯಿ ಬಿಟ್ಟು ಹೇಳಿ.

ಅಕ್ಕನಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಬಿಸಿಲಲ್ಲಿ ಟವೆಲ್ ಸುತ್ತಿಕೊಳ್ಳದೆ ನಿಲ್ಲಬೇಡಿ. ಕೆಮ್ಮಿಗೆ ಚೀಲದಲ್ಲಿ ಶುಂಠಿ, ಬೆಲ್ಲ ಕಟ್ಟಿ ಕಳಿಸಿದ್ದೇನೆ. ಬಸವಣ್ಣ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ,
ಸರೋಜಾ

ತಾಜಾ ಕಲಂ: ಉಸ್ಮಾನಸಾಬರು ಬಂದುಬಿಟ್ಟರು, ಹಾರ್ನ್ ಹೊಡೆಯುತ್ತಿದ್ದಾರೆ. ಮೇಲೆ ಒಪ್ಪಿಗೆ ಕೇಳಿದ್ದೇನೆ, ಅದನ್ನು ಹೊಡೆದುಹಾಕಲು ಪುರುಸೊತ್ತಿಲ್ಲ. ಸುಳ್ಳೇಕೆ, ಬುಧವಾರದಿಂದ ಸಂಜೆಯ ಹಾಲು ತನುಜಾಳೇ ಕುಡಿಯುತ್ತಿದ್ದಾಳೆ. ನಿನ್ನೆ ಶೈಲಾ ಮೇಡಂ ಅವಳ ಹೆಸರು ಕಳಿಸಿಯೂ ಆಯಿತು. ಊಟಕ್ಕೂ ಅವಳು ಸುದೀಪನ ಜೊತೆಗೇ ಕೂರುತ್ತಾಳೆ, ಇನ್ನು ಮೇಲೆ ಹಾಗೆಯೇ. ಬೈಯುವುದಿದ್ದರೆ ನನ್ನನ್ನು ಬೈಯಿರಿ, ಅವಳ ತಾಟಿನ ಮುಂದೆ ಮಾತ್ರ ಬೇಡ. ಇನ್ನೊಂದು. ನೀವು ಊರಿಗೆ ಬಂದವರು ಯಾವಾಗಲೂ ನೇರ ಕೊಟ್ಟಿಗೆಗೇ ಹೋಗುತ್ತೀರಿ. ಈ ಸಲ ಮೊದಲು ಒಳಗೆ ಬಂದು ಅವಳನ್ನು "ಉಂಡಿಯೇನವಾ?" ಎಂದು ಒಮ್ಮೆ ಕೇಳಿ. ಅವಳನ್ನು ನೀವು ಇದುವರೆಗೆ ಹಾಗೆ ಕೇಳಿದ್ದು ನನಗೆ ನೆನಪಿಲ್ಲ. ನನ್ನನ್ನೂ ಕೇಳಿದರೆ ನಾನೇನೂ ಬೇಡವೆನ್ನುವುದಿಲ್ಲ.