ಲೆಯ್ಮಾರಾ ಹೇಳಿದ ‘ಹೌದು’

ಕಂಪನಿಗಳ ಹೇಳಿಕೆಗಳನ್ನು ನೋಂದಾಯಿಸಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನಿಮ್ಮ ನೋಂದಣಿಯಲ್ಲಿ ಒಂದು ಸುಳ್ಳಿದೆ. ಅದನ್ನು ಹುಟ್ಟಿಸಿದವರಲ್ಲಿ ನಾನೂ ಒಬ್ಬ. ನಾವು ಟೊಮೆಟೊ ವಿಂಗಡಿಸುವ ಕಂಪನಿ ನಿಮ್ಮ ಕಾಯ್ದೆಯಂತೆ ಸಲ್ಲಿಸಿದ ‘ಆಧುನಿಕ ಗುಲಾಮಗಿರಿ ಹೇಳಿಕೆ’, ಹನ್ನೊಂದನೇ ಪುಟ: ‘ಸಂದರ್ಶಿಸಿದ ಕಾರ್ಮಿಕರೆಲ್ಲರ ಪಾಸ್‌ಪೋರ್ಟ್ ಅವರವರ ಬಳಿಯೇ ಇದೆ.’

ಬುಂಡಬರ್ಗ್ ಪಟ್ಟಣದಾಚೆಯ ನಮ್ಮ ಶೆಡ್ಡಿಗೆ ಕಂಪನಿಯ ಪರವಾಗಿ ತಪಾಸಣೆಗೆ ಬಂದಾಕೆ ಚಹಾ ವಿರಾಮದಲ್ಲಿ ನನ್ನ ಚಿಕ್ಕಪ್ಪನ ಮಗಳು ಲೆಯ್ಮಾರಾಳನ್ನು ಕೇಳಿದಳು. ನಮ್ಮ ದ್ವೀಪದೇಶ ವನುವಾಟುವಿನ ಪೋರ್ಟ್ ವಿಲಾದಲ್ಲಿ ಮೇಷ್ಟ್ರಾಗಿದ್ದ ತಪ್ಪಿಗೆ ನಾನು ದುಭಾಷಿ.

“ಪಾಸ್‌ಪೋರ್ಟ್ ನಿಮ್ಮ ಹತ್ರ ಇಲ್ವಾ?”

“ಹೌದು,” ಎಂದಳು ಲೆಯ್ಮಾರಾ.

ವನುವಾಟುವಿನವರ ಬಾಯಲ್ಲಿ ಅದರರ್ಥ: ಹೌದು, ಇಲ್ಲ. ಇಂಗ್ಲಿಷಿನಲ್ಲಿ ಅದೇ ಹೌದಿಗೆ ‘ಇದೆ’ ಎಂದರ್ಥ. ನಾನು ‘ಯೆಸ್’ ಎಂದೆ. ಆಕೆ ಗುರುತು ಹಾಕಿಕೊಂಡಳು. ಪಾಸ್‌ಪೋರ್ಟ್ ಮಾತ್ರ ನಮ್ಮನ್ನು ಕೆಲಸಕ್ಕೆ ಕರೆತಂದ ಗುತ್ತಿಗೆದಾರನ ಕಬ್ಬಿಣದ ಬೀರುವಿನಲ್ಲೇ ಉಳಿಯಿತು. ಅವನ ಭಾಷೆಯಲ್ಲಿ ಅದು ‘ಜೋಪಾನ’.

ಎರಡು ವಾರಕ್ಕೆ ಅವಳ ತಾಯಿ ತೀರಿಕೊಂಡರು. ಊರಿಗೆ ಹೋಗಲು ಪಾಸ್‌ಪೋರ್ಟ್ ಕೇಳಿದಾಗ ಗುತ್ತಿಗೆದಾರ ಸಂತಾಪ ಸೂಚಿಸಿದ. “ಬೀಗದ ಕೈ ಸಿಡ್ನಿಲಿದೆ ತಾಯಿ. ಸೀಸನ್ ಮುಗೀಲಿ, ನೋಡೋಣ.” ಅವಳು ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದಳು, ಫೋನನ್ನು ಏಪ್ರನ್ ಜೇಬಿಗೆ ಹಾಕಿಕೊಂಡಳು, ಟೊಮೆಟೊ ಹರಿದುಬರುವ ಬೆಲ್ಟಿನ ಮುಂದೆ ನಿಂತಳು. ಕೆಂಪು ಈ ಕಡೆ, ಹಸಿರು ಆ ಕಡೆ. ಅಳಲಿಲ್ಲ. ನಾನೂ ಅಳಲಿಲ್ಲ.

ಕಂಪನಿಗೆ ಬರೆದೆ. ಉತ್ತರವಾಗಿ ಹನ್ನೊಂದನೇ ಪುಟವನ್ನೇ ಕಳಿಸಿದರು. ಪಾರದರ್ಶಕತೆ ಎಂದರೆ ಇದೇ ಏನು? ಗಾಜಿನಂತೆ ನಮ್ಮ ಮೂಲಕ ಆಚೆಬದಿಯನ್ನು ನೋಡುವುದು? ನಿಮ್ಮ ಕಾಯ್ದೆ ಹೇಳಿಕೆ ಬೇಡುತ್ತದೆ, ಕೇಳಿಕೆ ಬೇಡುವುದಿಲ್ಲ. ನೋಂದಣಿಯಲ್ಲಿ ನೊಂದವರಿಗೆ ಕಾಲಂ ಇಲ್ಲ. ಹೇಳಿಕೆ ಸಲ್ಲಿಸದ ಕಂಪನಿಗೂ ಕಾಯ್ದೆಯಡಿ ದಂಡವಿಲ್ಲ. ದಂಡವಿಲ್ಲದ ಕಾಯ್ದೆ ಬರೀ ದಂಡ, ಅದು ಯಾರನ್ನು ಕಾಯುತ್ತದೆ? ನನ್ನ ಮುತ್ತಜ್ಜನನ್ನು ಕಬ್ಬು ಕಡಿಯಲು ಇದೇ ಕರಾವಳಿಗೆ ಹಡಗಿನಲ್ಲಿ ಬಲವಂತವಾಗಿ ಹೊತ್ತು ತಂದಾಗ ಯಾರೂ ಹೇಳಿಕೆ ಬರೆದಿರಲಿಲ್ಲ. ‘ಆಧುನಿಕ’ ಎಂಬ ವಿಶೇಷಣದ ಬೆಲೆ ಈಗ ತಿಳಿಯಿತು.

ನಮ್ಮಲ್ಲಿ ನೂರನೇ ದಿನದ ಊಟದೊಂದಿಗೆ ಸಾವು ಮುಗಿಯುತ್ತದೆ. ಅಂದಿನ ಲಪ್‌ಲಪ್ ಎಂಬ ಗೆಡ್ಡೆಯ ಕಡುಬನ್ನು ಮಗಳೇ ಎಲೆಯಲ್ಲಿ ಸುತ್ತಿ ಬೇಯಿಸಬೇಕು. ಇವತ್ತು ಎಂಬತ್ಮೂರನೇ ದಿನ. ಆ ವಾಕ್ಯ ಹೊಡೆದುಹಾಕಿ, ಆ ಬೀರು ತೆರೆಸಿ, ಸುಳ್ಳಿಗೆ ಶಿಕ್ಷೆಯನ್ನು ಕಾಯ್ದೆಯಲ್ಲೇ ಬರೆಸಿ. ಮೂರನೆಯದಕ್ಕೆ ಸಂಸತ್ತು ಸೇರಬೇಕು, ಬಲ್ಲೆ. ಎರಡನೆಯದಕ್ಕೆ ಒಂದು ಬೀಗದ ಕೈ ಸಾಕು.

‘ಪಾಸ್‌ಪೋರ್ಟ್ ಕೊಡಿಸಲು ನಿಮಗೆ ಸಾಧ್ಯವಿಲ್ಲವೇ?’ ಎಂದು ಈ ಪತ್ರವನ್ನು ವಿನಯದಿಂದ ಮುಗಿಸಿದ್ದೆ. ಲೆಯ್ಮಾರಾ ಓದಿ ಪತ್ರ ಹಿಂದಿರುಗಿಸಿದಳು.

“ಮತ್ತೆ ‘ಇಲ್ಲವೇ’ ಅಂತ ಕೇಳಿದ್ದೀಯಲ್ಲ ಮೇಷ್ಟ್ರಣ್ಣ. ಅವರು ಹೌದು ಅಂದ್ರೆ ಏನ್ಮಾಡ್ತೀಯಾ? ಕೊಡಿ ಅನ್ನು.”

ಕೊಡಿ.

ಇಂತಿ,
ಒಂದು ‘ಹೌದ’ನ್ನು ಸರಿಯಾಗಿ ದಾಟಿಸಲಾರದ ಮಾಜಿ ಮೇಷ್ಟ್ರು,
ಕಾಲ್ಮೆಟ್, ಬೆಲ್ಟ್ ನಂಬರ್ ನಾಲ್ಕು