ಕವಳಿ ಘಾಟಿನ ಉತಾರ

ರಸ್ತೆಗಳ ಉಸ್ತುವಾರಿ ಹೊತ್ತ ಮಾನ್ಯ ಅಭಿಯಂತರರೇ,

ಚಿಕ್ಕೋಡಿಯಿಂದ ನಿಪ್ಪಾಣಿಯ ಕಡೆಗೆ ಹೋಗುವ ಹಳೆಯ ದಾರಿಯಲ್ಲಿ, ಕವಳಿ ಘಾಟಿನ ನೆತ್ತಿಯ ಮೇಲೆ, ಕಳೆದ ನವೆಂಬರ್ ಇಪ್ಪತ್ತೆಂಟರಂದು ನೀವು ಒಂದು ಫಲಕ ನೆಡಿಸಿದ್ದೀರಿ. ‘ಈ ಘಾಟಿನಲ್ಲಿ ಸೈಕಲ್ ಸವಾರಿ ನಿಷೇಧಿಸಲಾಗಿದೆ. ಉಲ್ಲಂಘಿಸಿದವರು ಶಿಕ್ಷಾರ್ಹರು.’ ಹಳದಿ ಬಣ್ಣ, ಕಪ್ಪು ಅಕ್ಷರ, ಸಿಮೆಂಟಿನ ಬುಡ. ಒಂದು ಕಾಗುಣಿತದ ತಪ್ಪೂ ಇಲ್ಲ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು, ತಪ್ಪು ಹುಡುಕುವುದು ನನ್ನ ಉದ್ಯೋಗ. ಆದ್ದರಿಂದ ಈ ಮೆಚ್ಚುಗೆಯನ್ನು ನೀವು ನಂಬಬಹುದು. ಅದೇ ಜಾಗದಲ್ಲಿ ಒಂದು ಫಲಕ ಹಾಕಿ ಎಂದು ನಾವು ಹದಿನಾಲ್ಕು ತಿಂಗಳ ಹಿಂದೆ ಅರ್ಜಿ ಕೊಟ್ಟಿದ್ದೆವು. ಆಗ ಬರಲಿಲ್ಲ. ಅರ್ಜಿ ಕೊಟ್ಟವನು ಸತ್ತ ನಾಲ್ಕನೆಯ ದಿನ ಬಂತು. ಆದರೆ ನಾವು ಕೇಳಿದ್ದು ಇದನ್ನಲ್ಲ.

ಸತ್ತವನ ಹೆಸರು ನಾಮದೇವ. ರಾಯಬಾಗ ತಾಲೂಕಿನ ಅಲಖನೂರಿನವನು, ನಮ್ಮ ಕಾಲೇಜಿನ ಜವಾನ, ವಯಸ್ಸು ಮೂವತ್ತೊಂಬತ್ತು. ಮಡ್‌ಗಾರ್ಡು ತೆಗೆದು, ಹ್ಯಾಂಡಲ್ಲನ್ನು ಕೆಳಮುಖ ತಿರುಗಿಸಿದ ಒಂದು ಸಾದಾ ಸೈಕಲ್ಲಿನ ಮೇಲೆ ಅವನು ಹದಿನೆಂಟು ವರ್ಷ, ಪ್ರತಿ ರವಿವಾರ ಬೆಳಿಗ್ಗೆ, ಆ ಘಾಟು ಹತ್ತಿ ಇಳಿದ. ನಿಮ್ಮ ಇಲಾಖೆಯ ವರದಿಯಲ್ಲಿ ಒಂದು ಪ್ರಶ್ನೆಯಿದೆ: ‘ಮೃತನು ಸದರಿ ಸಮಯದಲ್ಲಿ ಸದರಿ ಸ್ಥಳಕ್ಕೆ ತೆರಳುವ ಅಗತ್ಯವೇನಿತ್ತು?’ ಉತ್ತರ ಹೇಳಿಬಿಡುತ್ತೇನೆ. ಯಾವ ಅಗತ್ಯವೂ ಇರಲಿಲ್ಲ. ಎಂಬತ್ತರ ದಶಕದಲ್ಲಿ ಹೊಸ ರಸ್ತೆಯಾಗಿ ಲಾರಿಗಳೂ ಕಬ್ಬಿನ ಗಾಡಿಗಳೂ ಅತ್ತ ಹೋದವು. ಹಳೆಯ ಘಾಟು ಕವಳಿ ಪೊದೆಗಳಿಗೆ, ಗೌಜುಗ ಹಕ್ಕಿಗಳಿಗೆ, ನಾಲ್ಕಾರು ಹಾಲಿನವರಿಗೆ ಮತ್ತು ನಾಮದೇವನಿಗೆ ಉಳಿಯಿತು. ಸರ್ಕಾರ ಮರೆತ ರಸ್ತೆಯಲ್ಲಿ ಒಬ್ಬ ಜವಾನ ವಾರಕ್ಕೊಂದು ಬೆಳಗು ಯಾರ ಗಂಟೆಗೂ ಕಾಯದೆ ಉಸಿರಾಡುತ್ತಿದ್ದ. ಇದಕ್ಕೆ ಅಗತ್ಯ ಎನ್ನಬೇಕೋ ಬೇಡವೋ ನೀವೇ ನಿರ್ಧರಿಸಿ.

ನನ್ನನ್ನು ಅಲ್ಲಿಗೆ ಕರೆದೊಯ್ದವನೂ ಅವನೇ. ೧೯೮೯ರಲ್ಲಿ, ನನ್ನ ಮೂವತ್ತಾರನೆಯ ವಯಸ್ಸಿನಲ್ಲಿ. ಬೆಳಗಾವಿಯ ಕಾನ್ವೆಂಟಿನಲ್ಲಿ ಓದುವಾಗ ಸೈಕಲ್ ಕಲಿತಿದ್ದೆ; ಆಮೇಲೆ ಮುಟ್ಟಿರಲಿಲ್ಲ. ಮೊದಲ ರವಿವಾರ ಎರಡನೆಯ ತಿರುವಿನಲ್ಲೇ ಎದೆ ಒಡೆದಂತಾಗಿ ಇಳಿದುಬಿಟ್ಟೆ. ಅವನು ನಗಲಿಲ್ಲ. “ಬಾಯಾರ, ಘಾಟ ಹತ್ತೂದು ಕಾಲಿನ ಕೆಲಸ ಅಲ್ರಿ. ಸೊಕ್ಕ ಇಳಿಸೂ ಕೆಲಸ. ಮ್ಯಾಲಿನ ತುದಿ ನೋಡಬ್ಯಾಡ್ರಿ, ಮುಂದಿನ ಗಾಲಿ ನೋಡ್ರಿ” ಎಂದ. ನೆರೆಮನೆಯ ಗಂಗೂಬಾಯಿಗೆ ಇದು ಬಹಳ ದಿನದ ಮಾತಾಯಿತು. “ಕಲಿಸೂ ಬಾಯಿ ಜವಾನನ ಹಿಂದ ಸೈಕಲ್ ಹೊಡಕೋತ ಹೊಂಟಾಳ, ಏನ್ ಕಾಲ ಬಂತ ಬೇ” ಎಂದು ನನಗೆ ಕೇಳುವಂತೆಯೇ ಹೇಳುತ್ತಿದ್ದಳು. ಕಾಲೇಜಿನಲ್ಲಿ ನಾಮದೇವ ನನಗೆ ಚಹಾ ತಂದಿಡುತ್ತಿದ್ದ. ಘಾಟಿನಲ್ಲಿ ನಾನು ಅವನ ಹಿಂದೆ ಹೋಗುತ್ತಿದ್ದೆ. ಏಳು ವರ್ಷದಲ್ಲಿ ಒಂದು ಸಲವಾದರೂ ಅವನನ್ನು ನನ್ನ ಮನೆಯ ಒಳಗೆ ಕೂರಿಸಿ ಚಹಾ ಕೊಟ್ಟಿದ್ದೆನೇ ಎಂದು ಈಗ ನೆನಪಿಸಿಕೊಳ್ಳುತ್ತಿದ್ದೇನೆ. ಕಟ್ಟೆಯ ಮೇಲೆ ಕೊಟ್ಟಿದ್ದೇನೆ. ಇದು ನಿಮಗೆ ಸಂಬಂಧಪಟ್ಟ ವಿಷಯವಲ್ಲ, ಗೊತ್ತಿದೆ.

ನಿಮಗೆ ಸಂಬಂಧಪಟ್ಟದ್ದು ಅರ್ಜಿ. ೧೯೯೫ರ ಮಳೆಗಾಲದಲ್ಲಿ ಹಾಲು ಮಾರುವ ಬಾಪುಸಾಹೇಬ ಎಂಬವರು ಮೂರನೆಯ ತಿರುವಿನಲ್ಲಿ ಜಾರಿ ಬಿದ್ದು ಭುಜದ ಎಲುಬು ಮುರಿದುಕೊಂಡರು. ದುರಸ್ತಿಗೆಂದು ನಿಮ್ಮ ಗುತ್ತಿಗೆದಾರರು ತಂದ ಖಡಿ, ಅಂದರೆ ಒಡೆದ ಜಲ್ಲಿ, ಆ ತಿರುವಿನಲ್ಲೇ ಗುಡ್ಡೆಯಾಗಿ ಬಿದ್ದಿತ್ತು. ಮಳೆಗೆ ಹರಿದು ರಸ್ತೆಯ ತುಂಬ ಹರಡಿತ್ತು. ಮರುದಿನ ನಾಮದೇವ ನನ್ನ ಮೇಜಿನ ಬಳಿ ಬಂದ. “ಬಾಯಾರ, ಒಂದ ಅರ್ಜಿ ಬರದ ಕೊಡ್ರಿ. ಉತಾರಕ್ಕ ಒಂದ ಬೋರ್ಡ ಬೇಕು. ತಿರುವಿನ್ಯಾಗ ಖಡಿ ಸುರೀಬ್ಯಾಡ್ರಿ ಅಂತನೂ ಹಾಕ್ರಿ.”

ಉತಾರ. ಈ ಗಡಿಯಲ್ಲಿ ಮನೆಯೊಳಗೆ ಮರಾಠಿಯೂ ಕನ್ನಡವೂ ಒಂದೇ ತಾಟಿನಲ್ಲಿ ಉಣ್ಣುತ್ತವೆ; ಇಳಿಜಾರಿಗೆ ನಾವೆಲ್ಲ ಉತಾರ ಅನ್ನುತ್ತೇವೆ. ‘ಇಳಿಜಾರು’ ಎಂಬುದು ನನಗೆ ಪುಸ್ತಕದಿಂದ ಗೊತ್ತಿತ್ತು. ಆದರೂ ಅವನ ಮಾತನ್ನು ಅವನ ಮಾತಿನಲ್ಲೇ ಇಡಬೇಕೆನ್ನಿಸಿತು. ಅದು ಗೌರವವೋ, ಇಂಗ್ಲಿಷ್ ಓದಿದವಳಿಗೆ ಹಳ್ಳಿಯ ಮಾತಿನ ಮೇಲೆ ಹುಟ್ಟುವ ಶೋಕಿಯೋ, ಇಂದಿಗೂ ಗೊತ್ತಿಲ್ಲ. ‘ವಿಷಯ: ಕವಳಿ ಘಾಟಿನ ಉತಾರದ ಬಗ್ಗೆ’ ಎಂದು ಬರೆದೆ. ಕೆಳಗೆ ಒಂದೂವರೆ ಪುಟದಲ್ಲಿ ತಿರುವು, ಖಡಿ, ಫಲಕ, ಬಾಪುಸಾಹೇಬರ ಭುಜ, ಎಲ್ಲವನ್ನೂ ವಿವರಿಸಿದೆ. ನಾಮದೇವ ಸಹಿ ಹಾಕಿ ತಾನೇ ನಿಮ್ಮ ಕಚೇರಿಗೆ ಒಯ್ದು ಕೊಟ್ಟ.

ಜಮೀನಿನ ದಾಖಲೆಯ ಪ್ರತಿಗೂ ಈ ಕಡೆ ಉತಾರ ಎಂದೇ ಹೆಸರು. ಯಾರ ಹೊಲ, ಎಷ್ಟು ಎಕರೆ, ಏನು ಬೆಳೆ ಎಂದು ಹೇಳುವ ಕಾಗದ. ನಿಮ್ಮಲ್ಲಿ ಅರ್ಜಿಯ ‘ವಿಷಯ’ದ ಸಾಲನ್ನಷ್ಟೇ ಓದುವ ಪದ್ಧತಿಯಿದೆಯೆಂದು ನಮಗೆ ಗೊತ್ತಿರಲಿಲ್ಲ. ಅರ್ಜಿ ಕಂದಾಯದವರ ಕಡೆ ಹೋಯಿತು. ಅಲ್ಲಿಂದ ಇನ್ನೊಂದು ಮೇಜಿಗೆ, ಅಲ್ಲಿಂದ ಮತ್ತೆ ನಿಮ್ಮ ಕಡೆಗೆ. ಹದಿಮೂರು ತಿಂಗಳ ನಂತರ, ಕಳೆದ ಅಕ್ಟೋಬರ್ ಹತ್ತೊಂಬತ್ತಕ್ಕೆ, ನಾಮದೇವನಿಗೆ ಉತ್ತರ ಬಂತು: ‘ಸರ್ವೇ ನಂಬರ್ ನಮೂದಿಸಿರುವುದಿಲ್ಲ. ಮಾಲೀಕತ್ವದ ದಾಖಲೆ ಲಗತ್ತಿಸಿ ಪುನಃ ಅರ್ಜಿ ಸಲ್ಲಿಸತಕ್ಕದ್ದು.’

ಅವನು ಆ ಕಾಗದವನ್ನು ನನ್ನ ಮುಂದೆ ಹರಡಿ ಹೇಳಿದ: “ನಮ್ಮ ಮನ್ಯಾಗ ಮೂರು ತಲಿಮಾರಿನಾಗ ಯಾರ ಹೆಸರಿಗೂ ಉತಾರ ಇಲ್ರಿ. ಮಂದಿ ಹೊಲದಾಗ ದುಡದವರು ನಾವು. ಈಗ ಸರ್ಕಾರ ಇಡೀ ಗುಡ್ಡದ ಉತಾರ ನನ್ನ ಕಡೆ ಕೇಳಾಕತ್ತೈತಿ. ಕೊಟ್ಟಬಿಡೂಣೇನ್ರಿ ಬಾಯಾರ?”

ನಾನು ನಕ್ಕೆ. ಅವನೂ ನಕ್ಕ. ಸ್ಟಾಫ್ ರೂಮಿನಲ್ಲಿ ಆ ಉತ್ತರವನ್ನು ಗಟ್ಟಿಯಾಗಿ ಓದಿದೆ. ಒಂದು ವಾರ ಅದೇ ನಗೆ. ‘ಇಳಿಜಾರು’ ಎಂದು ತಿದ್ದಿ ಎರಡನೆಯ ಅರ್ಜಿ ಬರೆದುಕೊಡುತ್ತೇನೆ ಎಂದೆ. ಪರೀಕ್ಷೆಯ ಪೇಪರುಗಳಿದ್ದವು, ದೀಪಾವಳಿ ಬಂತು, ಒಂದು ಮದುವೆಯಿತ್ತು. ಅವನು ಎರಡು ಸಲ ಕೇಳಿದ. ಮೂರನೆಯ ಸಲ ಕೇಳಲಿಲ್ಲ. ಜವಾನನಾದವನು ಎಷ್ಟು ಸಲ ಕೇಳಬೇಕು? ಐದು ವಾರ ಕಳೆಯಿತು. ನಿಮ್ಮ ತಪ್ಪನ್ನು ಎತ್ತಿ ತೋರಿಸುವ ಮೊದಲು ನನ್ನದನ್ನು ನಾನೇ ಬರೆದಿಡಬೇಕು: ನೀವು ಹದಿಮೂರು ತಿಂಗಳು, ನಾನು ಐದು ವಾರ. ನಿಮ್ಮವರಿಗೆ ಅವನ ಗುರುತಿರಲಿಲ್ಲ. ನನಗಿತ್ತು.

ನವೆಂಬರ್ ಇಪ್ಪತ್ತನಾಲ್ಕು, ರವಿವಾರ. ಕಣಿವೆಯ ತುಂಬ ಮಂಜಿತ್ತು. ನೆತ್ತಿಯಲ್ಲಿ ನಿಂತು ಬೆವರು ಒರೆಸಿಕೊಂಡೆವು. “ಸಾವಕಾಶ ಬರ್ರಿ, ಬ್ರೇಕ್ ಒಮ್ಮೆಲೇ ಹಿಡೀಬ್ಯಾಡ್ರಿ” ಎಂದು ಎಂದಿನಂತೆ ಹೇಳಿ ಅವನು ಮೊದಲು ಇಳಿದ. ಆ ರಸ್ತೆಯ ಒಂದೊಂದು ಕುಳಿಯೂ ಅವನಿಗೆ ಗೊತ್ತಿತ್ತು. ಶನಿವಾರ ಸಂಜೆ ಟ್ರಕ್ ಒಂದು ಮೂರನೆಯ ತಿರುವಿನಲ್ಲಿ ಹೊಸ ಖಡಿ ಸುರಿದು ಹೋದದ್ದು ಮಾತ್ರ ಗೊತ್ತಿರಲಿಲ್ಲ. ನಾನು ತಲುಪಿದಾಗ ಅಂಚಿನ ಕಲ್ಲಿಗೆ ಒರಗಿ ಕುಳಿತಿದ್ದ, ಸುಸ್ತಾದವನಂತೆ. “ಏನಾಗಿಲ್ರಿ ನನಗ, ಸೈಕಲ್ ನೋಡ್ರಿ” ಎಂದ. ಕಿವಿಯಿಂದ ರಕ್ತ ಬರುತ್ತಿತ್ತು. ಹಾಲಿನವರೊಬ್ಬರ ಗಾಡಿ ಸಿಕ್ಕಿ, ನಿಪ್ಪಾಣಿ ತಲುಪಿ, ಅಲ್ಲಿಂದ ಬೆಳಗಾವಿಗೆ ಹೊರಟೆವು. ದಾರಿಯಲ್ಲೇ, ಹನ್ನೊಂದರ ಸುಮಾರಿಗೆ, ಅವನು ತೀರಿಕೊಂಡ.

ಫಲಕ ಇದ್ದಿದ್ದರೆ ಉಳಿಯುತ್ತಿದ್ದನೇ? ಈ ಪ್ರಶ್ನೆಯನ್ನು ನಾನೇ ಬಹಳ ಸಲ ಕೇಳಿಕೊಂಡಿದ್ದೇನೆ. ಬಹುಶಃ ಇಲ್ಲ. ಅವನಿಗೆ ಫಲಕ ಬೇಕಿರಲಿಲ್ಲ, ಅದನ್ನವನು ಬೇರೆಯವರಿಗಾಗಿ ಕೇಳಿದ್ದ. ಆದರೆ ಅರ್ಜಿಯ ಎರಡನೆಯ ಸಾಲನ್ನು ಯಾರಾದರೂ ಓದಿದ್ದರೆ ಆ ತಿರುವಿನಲ್ಲಿ ಖಡಿ ಬೀಳುತ್ತಿರಲಿಲ್ಲ. ಅಷ್ಟು ಮಾತ್ರ ಖಚಿತ.

ಡಿಸೆಂಬರ್ ಮೊದಲ ವಾರ ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಪ್ರವಾಸದಲ್ಲಿದ್ದಿರಿ. ಗುಮಾಸ್ತರು ಕೂರಿಸಿ ಮಾತನಾಡಿಸಿದರು. “ಬಾಯಾರ, ಉತಾರ ಅಂದ್ರ ಉತಾರನ. ಗುಡ್ಡಕ್ಕ ಯಾರಾದರೂ ಉತಾರ ಅಂತಾರೇನ್ರಿ?”

“ನೀವು ಮನೆಯಲ್ಲಿ ಏನನ್ನುತ್ತೀರಿ?” ಎಂದು ಕೇಳಿದೆ.

ಅವರು ಪೆನ್ನಿನ ಟೊಪ್ಪಿಗೆ ತಿರುಗಿಸಿದರು. “ಮನ್ಯಾಗ ಉತಾರನ ಅಂತೀವ್ರಿ. ಆಫೀಸಿನ್ಯಾಗ ಅನ್ನೂದಿಲ್ಲ.”

ಆಮೇಲೆ ವರದಿಯನ್ನು ತೋರಿಸಿದರು. ‘ಸವಾರನ ಅತಿವೇಗ ಹಾಗೂ ಅಜಾಗರೂಕತೆಯೇ ಘಟನೆಗೆ ಕಾರಣ. ರಸ್ತೆಯು ಸುಸ್ಥಿತಿಯಲ್ಲಿರುತ್ತದೆ.’ ನಿಜ ಹೇಳಬೇಕೆಂದರೆ, ರಸ್ತೆ ಸುಸ್ಥಿತಿಯಲ್ಲಿಯೇ ಇತ್ತು, ಸೋಮವಾರ ಮಧ್ಯಾಹ್ನದ ನಂತರ. ಆ ಬೆಳಿಗ್ಗೆ ಅದೇ ಟ್ರಕ್ ಬಂದು ಖಡಿಯನ್ನೆಲ್ಲ ಬಾಚಿ ಒಯ್ದಿತ್ತು. ಹದಿನಾಲ್ಕು ತಿಂಗಳಲ್ಲಿ ಆಗದ ಕೆಲಸ ಅರ್ಧ ದಿನದಲ್ಲಿ ಆಯಿತು. ನಿಮ್ಮ ಇಲಾಖೆಗೆ ವೇಗವಿಲ್ಲವೆಂದು ಯಾರು ಹೇಳಿದರು? ಹದಿನೆಂಟು ವರ್ಷ ಪ್ರತಿ ತಿರುವಿಗೂ ಬೆಲ್ ಹೊಡೆದು ಇಳಿದವನನ್ನು ಅಜಾಗರೂಕನೆಂದು ಬರೆಯಲು ಒಂದು ಸಾಲು ಸಾಕಾಯಿತು. ಆ ಸಾಲು ಉಳಿದಿರುವ ತನಕ ನಾಮದೇವ ತನ್ನ ಸಾವಿಗೆ ತಾನೇ ಹೊಣೆ; ನೀವೂ ಅಲ್ಲ, ನಾನೂ ಅಲ್ಲ. ನಿಮಗದು ಅನುಕೂಲ. ನನಗೂ ಅನುಕೂಲವೇ. ಅದಕ್ಕೇ ನಾನು ಅದನ್ನು ಒಪ್ಪಲಾರೆ.

ಕಳೆದ ಶುಕ್ರವಾರ ಅವನ ಹೆಂಡತಿ ತುಳಸವ್ವ ಅಲಖನೂರಿನಿಂದ ಬಂದಿದ್ದಳು. ಕಬ್ಬಿನ ಕೆಲಸ ಬಿಟ್ಟು, ರವದಿಯ ಒಣ ಗರಿ ಗೀರಿದ ಕೈಗಳ ಸಮೇತ. ವರದಿ, ಅರ್ಜಿ ಯಾವುದನ್ನೂ ಅವಳು ಕೇಳಲಿಲ್ಲ. ಈ ಸಲ ಅವಳನ್ನು ಒಳಗೆ ಕೂರಿಸಿದೆ. ಚಹಾ ಕುಡಿದು ಹೇಳಿದಳು: “ರವಿವಾರ ಒಂದ ದಿನಾನೂ ಮನ್ಯಾಗ ನಿಲ್ಲಲಿಲ್ರಿ ಅವ. ಏನೈತಿ ಅಲ್ಲಿ ಅಂತ ಕೇಳಿದ್ರ, ಬಾ, ತೋರಸ್ತೀನಿ ಅಂತಿದ್ದ. ನಾ ಹೋಗಲಿಲ್ಲ. ನೀವರ ತೋರಸ್ರಿ.”

“ಅಲ್ಲಿಗೆ ಈಗ ಬಸ್ಸಿಲ್ಲ ತುಳಸವ್ವ” ಎಂದೆ.

“ಅವನ ಸೈಕಲ್ ಐತೆಲ್ರಿ. ದಬ್ಬಕೋತ ಹೋಗೂಣು. ಬರೂಮುಂದ ನೀವು ನಡಸ್ರಿ, ನಾ ಹಿಂದ ಕುಂದರತೀನಿ. ಬೀಳಸಬ್ಯಾಡ್ರಿ ಮತ್ತ.”

ಅದಕ್ಕೆ ಕ್ಯಾರಿಯರ್ ಇರಲಿಲ್ಲ. ಈಗ ಹಾಕಿಸಿದ್ದೇನೆ, ಮುಂದಿನ ಗಾಲಿಯೂ ನೆಟ್ಟಗಾಗಿದೆ.

ಆದ್ದರಿಂದ ಕೇಳುತ್ತಿರುವುದು ನಾಲ್ಕೇ ಮಾತು. ‘ಅಜಾಗರೂಕತೆ’ ಎಂಬ ಸಾಲನ್ನು ವರದಿಯಿಂದ ತೆಗೆಯಿರಿ. ಅಲ್ಲಿ ಖಡಿ ಇತ್ತೆಂದು ಬರೆಯಿರಿ. ಇನ್ನು ಮುಂದೆ ತಿರುವುಗಳಲ್ಲಿ ಅದನ್ನು ಸುರಿಸಬೇಡಿ. ನಿಷೇಧದ ಫಲಕವನ್ನು ಕೀಳಿಸಿ. ಡಿಸೆಂಬರ್ ಇಪ್ಪತ್ತೆರಡು, ರವಿವಾರ, ಬೆಳಿಗ್ಗೆ ಎಂಟರ ಹೊತ್ತಿಗೆ ನಾವಿಬ್ಬರು ಹೆಂಗಸರು ಘಾಟಿನ ನೆತ್ತಿಯಲ್ಲಿರುತ್ತೇವೆ. ಅಷ್ಟರೊಳಗೆ ಫಲಕ ಹೋಗಿರದಿದ್ದರೆ, ಅದನ್ನು ಓದಿ ಹೇಳಿ ಎಂದು ತುಳಸವ್ವ ನನ್ನನ್ನು ಕೇಳುತ್ತಾಳೆ. ಅವಳಿಗೆ ಓದು ಬಾರದು. ಏನೆಂದು ಓದಿ ಹೇಳಬೇಕು ಎಂಬುದನ್ನಾದರೂ ತಿಳಿಸಿ.

ಇಂತಿ,
ನಿಮ್ಮ ಫಲಕದ ಪ್ರಕಾರ ಆ ರವಿವಾರದಿಂದ ಶಿಕ್ಷಾರ್ಹಳಾಗುವ
ಒಬ್ಬ ಅಧ್ಯಾಪಕಿ
ಚಿಕ್ಕೋಡಿ, ೯ ಡಿಸೆಂಬರ್ ೧೯೯೬